ಹಳೇ ರೈಲು ಬ್ರಿಜ್ಜು, ನಮ್ಮ ಸಂಜಿ ನಡಿಗಿ



ಸಂಜಿ ಮುಂದ ನಾವು ಮನಿ ಬಿಟ್ಟು ಹೊರಗ ಕಾಲಿಟ್ರ ಓಣಿಯವ್ರು ಕೇಳೂ ಮೊದಲನೇ ಮಾತು, "ಎಲ್ಲಿ ಹೊಂಟೀರಿ?" ಗುಡಿಗೆ ಅಂದ್ರ ನಡೀತೈತಿ, ಕಾಯಿಪಲ್ಯಾ ತರಾಕ ಅಂದ್ರೂ ನಡೀತೈತಿ. "ಸುಮ್ನ ನಡದಾಡಾಕ" ಅಂದ್ರ ಮಾತ್ರ ಒಂಥರಾ ನೋಡ್ತಾರ. ಸಕ್ಕರಿ ಬ್ಯಾನಿ, ಬಿ.ಪಿ. ಅಂತ ಹೋದ್ರ ಡಾಕ್ಟರು ದಿನಾ ನಡೀರಿ ಅಂತಾರ. ಎಲ್ಲಿ ನಡೀಬೇಕು ಅಂತ ಯಾರೂ ಹೇಳೂದಿಲ್ಲ.

ಮಗಳ ಬಾಣಂತನಕ್ಕ ಅಮೆರಿಕಾಕ್ಕ ಹೋದಾಗ ಇದಕ್ಕೊಂದು ಉತ್ತರ ಸಿಕ್ತು. ನ್ಯೂಯಾರ್ಕ್ ರಾಜ್ಯದ ಪಕೀಪ್ಸಿ ಅನ್ನೂ ಊರಾಗ ಹಡ್ಸನ್ ಹೊಳಿ ಮ್ಯಾಲೆ ಒಂದು ಹಳೇ ರೈಲು ಬ್ರಿಜ್ಜು ಐತಿ. ತಗಡಿನ ಶೆಡ್ಡಿನ ಕೆಳಗ ಕಬ್ಬಿಣದ ಪಟ್ಟಿ ತ್ರಿಕೋನ ತ್ರಿಕೋನ ಮಾಡಿ ಜೋಡ್ಸಿರ್ತಾರಲ್ಲ, ಅದೇ ನಮೂನಿ. ಆದ್ರ ನೀರಿನಿಂದ 212 ಫೂಟು ಎತ್ತರ, ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ. 1889ರಾಗ ಶುರು ಆಗಿದ್ದು, 1974ರಾಗ ಬೆಂಕಿ ಬಿದ್ದು ಬಂದ್ ಆತು. ಮುಂದ 1992ರಾಗ ಊರಿನ ಮಂದಿನಽ ಸಂಘ ಕಟ್ಕೊಂಡು ಬೆನ್ನು ಹತ್ತಿದ್ರು. 2009ರ ಅಕ್ಟೋಬರ್‌ದಾಗ ಅದು ನಡಿಯೂ ದಾರಿ ಆತು.

ಇಳಕಲ್ ಸೀರಿ ಉಟ್ಟು, ಕಾಲಾಗ ಬೂಟು ಹಾಕ್ಕೊಂಡು, ಕೂಸಿನ ಗಾಡಿ ದಬ್ಬಕೋತ ಆ ತುದಿತನಕ ಹೋಗಿ ಬಂದ್ನಿ. ಮೋಟಾರ್ ಗಾಡಿ ಇಲ್ಲ, ಟಿಕೀಟಿಲ್ಲ. ಮುದುಕ್ಯಾರು, ಬಸರ್ಯಾರು, ಗಾಲಿ ಕುರ್ಚಿಯವ್ರು ಎಲ್ಲಾರೂ ಅದಾರ. ಎಲ್ಲಿ ಹೊಂಟಿ ಅಂತ ಒಬ್ಬರೂ ಕೇಳ್ಲಿಲ್ಲ. ಅದಽ ನನಗ ದೊಡ್ಡದು ಅನ್ನಿಸ್ತು.

"ಅವ್ರ ಕಡೆ ರೊಕ್ಕ ಐತಿ, ನಮ್ಮ ಕಡೆ ಎಲ್ಲೈತಿ?" ಅಂದ್ರು ನಮ್ಮ ವೈನಿ. ಖರೆ. ಆದ್ರ ಹಳೇದನ್ನ ಕೆಡವಾಕೂ ರೊಕ್ಕ ಬೇಕು. ಮತ್ತ ಅಲ್ಲಿ ಮೊದಲು ಬಂದಿದ್ದು ರೊಕ್ಕ ಅಲ್ಲ, ಹಟ. ಹದಿನೇಳು ವರ್ಷ ಕಾದಾರ.

ನಮ್ಮ ಗದಗ-ಹೋಟಗಿ ರೈಲು ದಾರೀನೂ ಹೊಸಾದಲ್ಲ. 1876-78ರ ದೊಡ್ಡ ಬರ ಆದಮ್ಯಾಲೆ, 1884ರಾಗ ಬಂದಿದ್ದು. ಮೊದಲು ಮೀಟರ್ ಗೇಜ್, ಆಮ್ಯಾಲೆ ಬ್ರಾಡ್ ಗೇಜ್, ಈಗ ಜೋಡಿ ಹಳಿ. ಹಿಂಗ ದಾರಿ ಬದಲಾಗೂ ಮುಂದ ಹಳೇ ಕಟ್ಟಡ, ಹಳೇ ಸೇತುವೆ ಗುಜರಿಗೆ ಹೋಗ್ತಾವು. ಆಲಮಟ್ಟಿ ಹಿನ್ನೀರಾಗ ಓಣಿಗೋಳು ಮುಳುಗಿದ್ದನ್ನ ನೋಡಿದ ಬಾಗಲಕೋಟಿ ಮಂದಿ ನಾವು. ಹೋದದ್ದು ತಿರುಗಿ ಬರೂದಿಲ್ಲ ಅನ್ನೂದು ನಮಗ ಯಾರೂ ಕಲಿಸಬೇಕಾಗಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ರೈಲು ಓಡೂ ಹಳಿ ಮ್ಯಾಲೆ, ಬ್ರಿಜ್ಜಿನ ಮ್ಯಾಲೆ ನಡೀಬ್ಯಾಡ್ರಿ, ದಾರಿ ಹತ್ರ ಆಗ್ತೈತಿ ಅಂತ ಹುಡುಗ್ರನ್ನೂ ಕಳಿಸಬ್ಯಾಡ್ರಿ. ನಾ ಹೇಳೂದು ರೈಲು ಬಿಟ್ಟ ಜಾಗಾದ ಮಾತು. ಅಂಥಾ ಜಾಗ ನಿಮ್ಮೂರ ಹತ್ರ ಇದ್ರ, ಹರಾಜು ಆಗೂ ಮೊದಲು ನಮ್ಮ ಸ್ವಸಹಾಯ ಸಂಘದಿಂದ ಒಂದು ಅರ್ಜಿ ಹೋಗ್ಲಿ: ಎರಡೂ ಕಡೆ ಕಟಾಂಜನ, ನಾಲ್ಕು ದೀಪ, ಕುಂದ್ರಾಕ ಕಲ್ಲು, ಒಂದು ಪಾಯಖಾನಿ. ಇಳಕಲ್, ಹುನಗುಂದದವ್ರಿಗೆ ಊರಾಗ ರೈಲಽ ಇಲ್ಲ. ಅವ್ರು ಖಾಲಿ ಬಿದ್ದ ಸರಕಾರಿ ಜಾಗಕ್ಕ ಇದನ್ನಽ ಕೇಳ್ಲಿ. ಮಗ್ಗದ ಮುಂದ ದಿನಾ ಕುಂತು ಸೊಂಟ ಹಿಡದವ್ರಿಗೆ ನಡಿಗಿ ನಮಗಿಂತ ಹೆಚ್ಚು ಬೇಕು.

ಅರ್ಜಿ ನಾ ಬರೀತೀನಿ. ಸಹಿ ಮಾಡಾಕ ಯಾರ್ಯಾರು ಬರ್ತೀರಿ, ಹೇಳ್ರಿ.