ಚೆಂಡು ಕಂಡವರಿಗೆ ಇಟ್ಟಿಗೆ ಕಾಣಲಿಲ್ಲ

ಬಡ ದೇಶದ ಮಕ್ಕಳ ಮೇಲೆ ಶ್ರೀಮಂತ ದೇಶಗಳಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿದಾಗ ಏನಾಗುತ್ತದೆ? ಬಾಂಗ್ಲಾದೇಶವನ್ನು ಕೇಳಬೇಕು. ಮಕ್ಕಳು ದುಡಿದು ತಯಾರಿಸಿದ ಸರಕಿನ ಆಮದನ್ನು ನಿಷೇಧಿಸುವ ಮಸೂದೆಯನ್ನು ಸೆನೆಟರ್ ಟಾಮ್ ಹಾರ್ಕಿನ್ 1992ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಮಂಡಿಸಿದರು. ಅದು ಕಾನೂನಾಗಲೇ ಇಲ್ಲ. ಆದರೆ ಅದರ ಭಯಕ್ಕೇ ಅಲ್ಲಿನ ಗಾರ್ಮೆಂಟ್ ಮಾಲೀಕರು ಮಕ್ಕಳನ್ನು ಹೊರದಬ್ಬಿದರು. ಯುನಿಸೆಫ್ ಅಂದಾಜಿನಂತೆ ಅವರ ಸಂಖ್ಯೆ ಸುಮಾರು 50 ಸಾವಿರ. ಅವರೆಲ್ಲ ಶಾಲೆಗೆ ಹೋದರೇ? ಇಲ್ಲ. ಅನೇಕರು ಕಲ್ಲು ಒಡೆಯಲು ಹೋದರು, ಬೀದಿ ಪಾಲಾದರು, ಕೆಲವರು ವೇಶ್ಯಾವಾಟಿಕೆಗೆ ಬಿದ್ದರು. ಇದನ್ನು ದಾಖಲಿಸಿದ್ದೂ ಯುನಿಸೆಫ್.

1995ರ ಜುಲೈಯಲ್ಲಿ ಮಾಲೀಕರ ಸಂಘ, ಯುನಿಸೆಫ್ ಮತ್ತು ಐಎಲ್‌ಒ ಒಪ್ಪಂದ ಮಾಡಿಕೊಂಡವು. ಶಾಲೆ ಸಿದ್ಧವಾಗದೆ ಮಗುವನ್ನು ತೆಗೆಯುವಂತಿಲ್ಲ, ಶಾಲೆಗೆ ಬಂದವರಿಗೆ ತಿಂಗಳಿಗೆ 300 ಟಾಕಾ, ತೆರವಾದ ಕೆಲಸ ಮನೆಯ ದೊಡ್ಡವರಿಗೆ. ವಿವೇಕದ ಮಾತು ನಿಜ. ಆದರೆ ಅದು ಬಂದದ್ದು ಮಕ್ಕಳು ಬೀದಿಗೆ ಬಿದ್ದ ಮೇಲೆ.

ಪಾಕಿಸ್ತಾನದ ಸಿಯಾಲ್‌ಕೋಟ್‌ನ ಕಥೆಯೂ ಹೀಗೆಯೇ. ಜಗತ್ತಿನ ಮೈದಾನಗಳಿಗೆ ಫುಟ್‌ಬಾಲ್ ಹೊಲಿದು ಕಳಿಸುವ ಊರದು. ಅಲ್ಲಿ ಮಕ್ಕಳು ಹೊಲಿಯುವ ಚಿತ್ರಗಳು ಪಾಶ್ಚಾತ್ಯ ಗಿರಾಕಿಗಳ ನಿದ್ದೆಗೆಡಿಸಿದವು. 1997ರ ಫೆಬ್ರವರಿಯಲ್ಲಿ ಅಟ್ಲಾಂಟಾದಲ್ಲಿ ಒಪ್ಪಂದವಾಯಿತು, ವಿದೇಶಿ ಹಣ ಬಂತು, ತಪಾಸಣೆಗೆ ಅನುಕೂಲವಾಗಲೆಂದು ಹೊಲಿಗೆ ಮನೆಯಿಂದ ಕೇಂದ್ರಗಳಿಗೆ ಹೋಯಿತು. ಮನೆ ಬಿಟ್ಟು ದೂರ ಹೋಗಲಾಗದ ಎಷ್ಟೋ ತಾಯಂದಿರು ಕೆಲಸ ಕಳೆದುಕೊಂಡರು. ತಾಯಿಯ ಸಂಪಾದನೆ ಕಸಿದು ಮಗುವನ್ನು ಉಳಿಸುವುದು ಎಂಥ ನ್ಯಾಯ?

ಅದೇ ದೇಶದ ಇಟ್ಟಿಗೆ ಭಟ್ಟಿಗಳಲ್ಲಿ ‘ಪೇಶ್ಗಿ’ ಎಂಬ ಮುಂಗಡ ಸಾಲಕ್ಕೆ ಇಡೀ ಕುಟುಂಬಗಳೇ ಒತ್ತೆಯಾಗಿ ದುಡಿಯುತ್ತಿದ್ದವು. ಇಟ್ಟಿಗೆ ಅಮೆರಿಕದ ಅಂಗಡಿಗೆ ಹೋಗುವುದಿಲ್ಲ. ಆದ್ದರಿಂದ ಫುಟ್‌ಬಾಲಿಗೆ ಎದ್ದ ಕೂಗು ಇಟ್ಟಿಗೆಗೆ ಏಳಲಿಲ್ಲ. ಐಎಲ್‌ಒ ಮತ್ತು ಯುನಿಸೆಫ್‌ನ ಲೆಕ್ಕದಂತೆ 2024ರಲ್ಲಿ ಜಗತ್ತಿನ ಬಾಲಕಾರ್ಮಿಕರು 13.8 ಕೋಟಿ. ಅವರಲ್ಲಿ ಶೇ. 61ರಷ್ಟು ಮಂದಿ ಕೃಷಿಯಲ್ಲಿದ್ದಾರೆ. ಬ್ರಾಂಡಿನ ಮಾನ ಕಾಯುವ ಕರುಣೆ ಆ ಹೊಲಗಳನ್ನು ಎಷ್ಟು ಮುಟ್ಟೀತು?

ಇನ್ನು ಆ ಹಣದ ಭರವಸೆಯಾದರೂ ಏನು? 2025ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ವಿದೇಶಗಳಲ್ಲಿನ ಇಂತಹ ಯೋಜನೆಗಳ ಅನುದಾನವನ್ನು ಒಂದೇ ಏಟಿಗೆ ರದ್ದು ಮಾಡಿತು. ಬಾಲಕಾರ್ಮಿಕ ಪದ್ಧತಿ ಕೊನೆಗಾಣಬೇಕೆಂದು ವಿಶ್ವಸಂಸ್ಥೆ ಗುರಿಯಿಟ್ಟಿದ್ದ ವರ್ಷವೂ 2025!

ಹಾಗೆಂದು ವಿದೇಶಿ ನೆರವೇ ಬೇಡ ಎನ್ನುವುದು ಮೂರ್ಖತನ. ನೆರವು ತಂದೆಯ ಕೂಲಿಗೆ, ತಾಯಿಯ ಕೆಲಸಕ್ಕೆ, ಕುಟುಂಬದ ಸಾಲಕ್ಕೆ ತಲುಪಬೇಕು. ಮಗುವನ್ನು ದುಡಿಮೆಗೆ ದೂಡುವ ಕೈಗಳು ಅಲ್ಲಿವೆ.

ಪರದೇಶದವರನ್ನು ದೂರಿ ನಾವು ಪಾರಾಗುವಂತಿಲ್ಲ. ರಾಮನಗರ, ಮಾಗಡಿಯ ರೇಷ್ಮೆ ಕೆಲಸದಲ್ಲಿ ಮುಂಗಡಕ್ಕೆ ಒತ್ತೆಯಾದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲೇ ವರದಿ ಮಾಡಿತ್ತು. ಅವರಲ್ಲಿ ದಲಿತರಿದ್ದರು, ಮುಸ್ಲಿಮರೂ ಇದ್ದರು. ಝಕಾತ್‌ನ ಎಂಟು ಹಕ್ಕುದಾರ ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರಿದ್ದಾರೆ, ಗುಲಾಮಗಿರಿಯಿಂದ ಬಿಡುಗಡೆ ಬೇಕಾದವರಿದ್ದಾರೆ. ಸಾಲಕ್ಕೆ ಒತ್ತೆಯಾದ ಮಗು ಈ ಎರಡಕ್ಕೂ ಸೇರುವುದಿಲ್ಲವೇ? ರಮಝಾನ್‌ನಲ್ಲಿ ಮನೆಬಾಗಿಲಲ್ಲಿ ಸೀರೆ ಹಂಚುವ ನಮ್ಮ ಸಿರಿವಂತರು ತಮ್ಮ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನ ತಂದೆಯ ಸಾಲ ಎಷ್ಟೆಂದು ಒಮ್ಮೆ ಕೇಳಲಿ. ಅದನ್ನು ತೀರಿಸಿ ಹುಡುಗನನ್ನು ಶಾಲೆಗೆ ಕಳಿಸಲು ವಾಷಿಂಗ್ಟನ್‌ನ ಅಪ್ಪಣೆ ಬೇಕಿಲ್ಲ.