ತಪಾಸಣಾ ಶಿಬಿರದ ಕಾಗದ, ಅಡುಗೆಮನೆಯ ಎಣ್ಣೆ: ಮುಂಬಯಿ ಕನ್ನಡಿಗರ ಮುಂದಿರುವ ಕೊಲೆಸ್ಟರಾಲ್ ಪ್ರಶ್ನೆ

ಮುಂಬಯಿ: ಮಹಾನಗರ ಹಾಗೂ ಉಪನಗರಗಳ ತುಳು-ಕನ್ನಡಿಗರ ಸಂಘ-ಸಂಸ್ಥೆಗಳು ರವಿವಾರಗಳಂದು ಏರ್ಪಡಿಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳು ಈಗ ವಾರ್ಷಿಕೋತ್ಸವ, ವಿದ್ಯಾರ್ಥಿವೇತನ ವಿತರಣೆಗಳಷ್ಟೇ ವಾಡಿಕೆಯ ಕಾರ್ಯಕ್ರಮಗಳಾಗಿವೆ. ದೀಪ ಬೆಳಗಿಸಿ ಉದ್ಘಾಟನೆ, ವೈದ್ಯರಿಗೆ ಶಾಲು-ಪುಷ್ಪಗುಚ್ಛ, ಬಳಿಕ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ತಪಾಸಣೆ. ಕೊನೆಗೆ ಉಪಾಹಾರ. ರಕ್ತ ಕೊಟ್ಟು ಬಂದ ಸದಸ್ಯನ ಕೈಗೆ ಅಲ್ಲಿ ಸಿಗುವುದು ಬಹುತೇಕ ಗೋಳಿಬಜೆ, ಬನ್ಸ್ ಅಥವಾ ಮೆದುವಡೆಯೇ. ಶಿಬಿರ ಏರ್ಪಡಿಸುವವರ ಕಾಳಜಿ ಪ್ರಶಂಸನೀಯವೇ ಸರಿ. ಆದರೆ ಕೆಲವು ದಿನಗಳ ನಂತರ ಮನೆಗೆ ಬರುವ ವರದಿಯ ಕಾಗದ ಮುಂದೆ ಏನಾಯಿತು ಎಂಬುದು ಸಂಘಗಳ ವಾರ್ಷಿಕ ವರದಿಯಲ್ಲಿ ಕಾಣಸಿಗುವುದು ಅಪರೂಪ. ಎಷ್ಟು ಮಂದಿ ಪ್ರಯೋಜನ ಪಡೆದರು ಎಂಬ ಲೆಕ್ಕ ಇರುತ್ತದೆ. ಎಷ್ಟು ಮಂದಿಯ ಕೊಲೆಸ್ಟರಾಲ್ ಇಳಿಯಿತು ಎಂಬ ಲೆಕ್ಕ ಇರುವುದಿಲ್ಲ.

ಸಮಸ್ಯೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಂತೆ ಬೃಹನ್ಮುಂಬಯಿ ಮಹಾನಗರ ಪಾಲಿಕೆ 2021ರಲ್ಲಿ ನಡೆಸಿ 2023ರಲ್ಲಿ ಬಹಿರಂಗಪಡಿಸಿದ ಸಮೀಕ್ಷೆಯಲ್ಲಿ, ನಗರದ ವಯಸ್ಕರಲ್ಲಿ ಶೇ. 34 ಮಂದಿಗೆ ರಕ್ತದೊತ್ತಡ, ಶೇ. 18 ಮಂದಿಗೆ ಸಕ್ಕರೆ, ಶೇ. 21 ಮಂದಿಗೆ ಹೆಚ್ಚಿದ ಕೊಲೆಸ್ಟರಾಲ್ ಇರುವುದು ಕಂಡುಬಂದಿತು. ಸಾಕಷ್ಟು ಹಣ್ಣು-ತರಕಾರಿ ತಿನ್ನದವರ ಪ್ರಮಾಣ ಶೇ. 94. ದೇಶದ ಚಿತ್ರವೂ ಬೇರೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ ವಯಸ್ಕರಲ್ಲಿ ಶೇ. 24ರಷ್ಟು ಮಂದಿಗೆ ಅಧಿಕ ಕೊಲೆಸ್ಟರಾಲ್ ಇದೆಯೆಂದು ಅಂದಾಜಿಸಿತು. ಸಕ್ಕರೆ ಕಾಯಿಲೆಯಾದರೂ ಬಾಯಾರಿಕೆ, ಸುಸ್ತು ಮುಂತಾಗಿ ಸೂಚನೆ ಕೊಟ್ಟೀತು. ಕೊಲೆಸ್ಟರಾಲ್ ಯಾವ ಸೂಚನೆಯನ್ನೂ ಕೊಡದೆ ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಶೇಖರವಾಗುತ್ತದೆ. ಹಲವರಿಗೆ ಅದರ ಮೊದಲ ಸುದ್ದಿ ತಲುಪುವುದು ಎದೆನೋವಿನ ರೂಪದಲ್ಲಿ.

ಕಾಗದವನ್ನು ಓದುವುದರಲ್ಲೇ ಮೊದಲ ಎಡವಟ್ಟು. ವರದಿಯ ಬಲಬದಿಯಲ್ಲಿ ಅಚ್ಚಾಗಿರುವ 'ನಾರ್ಮಲ್' ಮಿತಿ ಎಲ್ಲರಿಗೂ ಒಂದೇ. ವೈದ್ಯರ ಲೆಕ್ಕ ಹಾಗಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬೇರೆ ತೊಂದರೆಗಳಿಲ್ಲದವರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಕಾರಣಗಳಿಂದ ಹೆಚ್ಚಿನ ಅಪಾಯದಲ್ಲಿರುವವರಿಗೆ ಈ ಮಿತಿ 70. ಈಗಾಗಲೇ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ 55. ಹೀಗಿರುವಾಗ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿರುವ ಹೊಟೇಲು ಉದ್ಯಮಿಯೊಬ್ಬರು 95 ಎಂಬ ಅಂಕಿ ಕಂಡು 'ನಾರ್ಮಲ್ ಬಂದಿದೆ ಮಾರಾಯ್ರೆ' ಎಂದು ಸಮಾಧಾನಪಟ್ಟರೆ ಅದು ಹುಸಿ ಸಮಾಧಾನ. ಇದೇ ಮಾರ್ಗಸೂಚಿ ಇನ್ನೊಂದು ಅನುಕೂಲವನ್ನೂ ಮಾಡಿಕೊಟ್ಟಿದೆ. ಸಾಮಾನ್ಯ ಕೊಲೆಸ್ಟರಾಲ್ ತಪಾಸಣೆಗೆ ಖಾಲಿ ಹೊಟ್ಟೆಯಲ್ಲೇ ಬರಬೇಕೆಂಬ ಕಟ್ಟುಪಾಡು ಈಗಿಲ್ಲ. ಬೆಳಗ್ಗಿನ ವ್ಯಾಪಾರ ಬಿಟ್ಟು ಬರಲಾಗದ ಹೊಟೇಲು ಕಾರ್ಮಿಕರಿಗಾಗಿ ಶಿಬಿರವನ್ನು ಮಧ್ಯಾಹ್ನ ಮೂರೂವರೆಗೂ ಇಟ್ಟುಕೊಳ್ಳಬಹುದು ಎಂದಾಯಿತು.

ಈ ಕಾರ್ಮಿಕರ ವಿಷಯವನ್ನು ಬಿಟ್ಟು ಮುಂಬಯಿ ಕನ್ನಡಿಗರ ಆಹಾರದ ಬಗ್ಗೆ ಮಾತಾಡುವುದು ಸಾಧ್ಯವಿಲ್ಲ. ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಆ ಕಾಲದಿಂದ ಇಂದಿನವರೆಗೂ ಊರಿನಿಂದ ಬಂದ ಹುಡುಗರು ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಮಾಲಕರಾದ ಕತೆಯನ್ನು ಸಮಾಜ ಹೆಮ್ಮೆಯಿಂದ ಹೇಳಿಕೊಂಡು ಬಂದಿದೆ. ಅವರ ಊಟದ ಕತೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಸುಕಿನಲ್ಲಿ ಎದ್ದರೆ ಚಹಾ, ಹತ್ತು ಗಂಟೆಗೆ ನಿಂತಲ್ಲೇ ಎರಡು ವಡೆ, ಗಿರಾಕಿ ಇಳಿದ ಮೇಲೆ ಮಧ್ಯಾಹ್ನದ ಊಟ, ಶಟರ್ ಎಳೆದ ಮೇಲೆ ಮಧ್ಯರಾತ್ರಿಯ ಹೊತ್ತಿಗೆ ಉಳಿದ ಅನ್ನ-ಸಾಂಬಾರ್, ಕೂಡಲೇ ನಿದ್ದೆ. ದಿನವಿಡೀ ನಿಂತೇ ಇರುತ್ತಾರಾದರೂ ಅದು ವೇಗದ ನಡಿಗೆಗೆ ಸಮವಲ್ಲ. ಇಂಥವರಿಗೆ 'ಹಣ್ಣು-ತರಕಾರಿ ಹೆಚ್ಚು ತಿನ್ನಿ' ಎಂಬ ಉಪದೇಶ ಕೊಟ್ಟು ಪ್ರಯೋಜನವೇನು? ಅವರ ತಟ್ಟೆಯಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಭಟ್ಟರು ಮತ್ತು ಮಾಲಕರು. ಡೊಂಬಿವಲಿಯಿಂದಲೋ ವಿರಾರ್‌ನಿಂದಲೋ ಬೆಳಗ್ಗೆ ಲೋಕಲ್ ಹಿಡಿದು ರಾತ್ರಿ ಮರಳುವ ಕಚೇರಿ ನೌಕರರ ಪಾಡೂ ತೀರ ಭಿನ್ನವಲ್ಲ. ಅವರಿಗೆ ಸ್ಟೇಷನ್ ಹೊರಗಿನ ವಡಾಪಾವ್ ಇದೆ.

ಆದ್ದರಿಂದ ಪ್ರಶ್ನೆ ಎಣ್ಣೆಗೆ ಬಂದು ನಿಲ್ಲುತ್ತದೆ. ವನಸ್ಪತಿಗೂ ಮುಂಬಯಿಗೂ ಹಳೆಯ ನಂಟು. 1932ರಲ್ಲಿ ಶಿವಡಿಯ ಕಾರ್ಖಾನೆಯಲ್ಲಿ ಅದರ ತಯಾರಿ ಆರಂಭವಾಯಿತು. ತುಪ್ಪಕ್ಕಿಂತ ಅಗ್ಗ, ಬೇಗ ಕೆಡುವುದಿಲ್ಲ ಎಂಬ ಕಾರಣಕ್ಕೆ ಹೊಟೇಲುಗಳಿಗೆ ಅದು ಒಗ್ಗಿತು. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ ಎಂಬುದು ಖಚಿತವಾದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ-ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬಗ್ಗೆಯೂ ಕಾನೂನಿದೆ. 2018ರ ಜುಲೈಯಿಂದ, ಪೋಲಾರ್ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯಲ್ಲಿ ಮತ್ತೆ ಕರಿಯುವಂತಿಲ್ಲ. ಕಡಾಯಿಯ ತಳದಲ್ಲಿ ಉಳಿದ ಕಪ್ಪು ಎಣ್ಣೆಗೆ ಹೊಸ ಎಣ್ಣೆ ಸುರಿಯುವುದು ಹಳೆಯ ಅಭ್ಯಾಸ. ಅದನ್ನು ನಿಲ್ಲಿಸಲು ಅಧಿಕಾರಿ ಬರುವವರೆಗೆ ಕಾಯಬೇಕಾಗಿಲ್ಲ.

2025ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಅಡುಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಮಾಡುವಂತೆ ದೇಶಕ್ಕೆ ಕರೆಕೊಟ್ಟರು. ಅದೇ ವರ್ಷ ಕೇಂದ್ರ ಆರೋಗ್ಯ ಸಚಿವಾಲಯ ಕಚೇರಿ, ಕ್ಯಾಂಟೀನುಗಳಲ್ಲಿ ಎಣ್ಣೆ-ಸಕ್ಕರೆಯ ಪ್ರಮಾಣ ತಿಳಿಸುವ ಫಲಕ ಹಾಕಲು ಸೂಚಿಸಿದಾಗ 'ಸಮೋಸಾ-ಜಿಲೇಬಿಗೆ ಎಚ್ಚರಿಕೆ ಚೀಟಿ' ಎಂಬ ಗುಲ್ಲೆದ್ದು, ವ್ಯಾಪಾರಿಗಳ ತಿಂಡಿಗೆ ಚೀಟಿ ಅಂಟಿಸುವ ಆದೇಶ ಇಲ್ಲವೆಂದು ಸರಕಾರವೇ ಸ್ಪಷ್ಟಪಡಿಸಬೇಕಾಯಿತು. ಗುಲ್ಲಿನಲ್ಲಿ ಮೂಲ ವಿಚಾರ ಮರೆತೇಹೋಯಿತು. ಮನೆಯ ಲೆಕ್ಕ ಸುಲಭದ್ದು. ನಾಲ್ಕು ಮಂದಿಯ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಎಣ್ಣೆ ಮುಗಿದರೆ ತಲೆಗೆ ದಿನಕ್ಕೆ ಸುಮಾರು 42 ಮಿಲಿಲೀಟರ್ ಆಯಿತು. 3 ಲೀಟರಿನಲ್ಲಿ ನಿಭಾಯಿಸಿದರೆ 25. ಹೊರಗೆ ತಿಂದದ್ದು ಈ ಲೆಕ್ಕದಲ್ಲಿ ಸೇರಿಲ್ಲ.

ತೆಂಗಿನೆಣ್ಣೆಯ ಮಾತೆತ್ತಿದರೆ ಕರಾವಳಿಯವರಿಗೆ ಕೊಂಚ ಬೇಸರವಾದೀತು. 'ಅಜ್ಜ ಇದನ್ನೇ ತಿಂದು ತೊಂಬತ್ತು ವರ್ಷ ಬದುಕಿದರು' ಎಂಬ ವಾದ ಸಿದ್ಧವಾಗಿಯೇ ಇರುತ್ತದೆ. ಅಜ್ಜ ಗದ್ದೆ ಉತ್ತಿದ್ದರು, ಐದನೇ ಮಾಳಿಗೆಗೆ ಲಿಫ್ಟಿನಲ್ಲಿ ಹೋಗುತ್ತಿರಲಿಲ್ಲ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಪ್ರಯೋಗಗಳದ್ದು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇ. 90ರ ಆಸುಪಾಸು ಸ್ಯಾಚುರೇಟೆಡ್, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಬಗೆಯದು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ 'ಸರ್ಕ್ಯುಲೇಶನ್' ನಿಯತಕಾಲಿಕದಲ್ಲಿ ಪ್ರಕಟವಾದ ವಿಶ್ಲೇಷಣೆ, ಸೂರ್ಯಕಾಂತಿ, ಸೋಯಾ ಮುಂತಾದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತದೆ ಎಂದಿತು. ಹಾಗೆಂದು ಒಗ್ಗರಣೆಯ ಒಂದು ಚಮಚವನ್ನು ಯಾರೂ ನಿಷೇಧಿಸಿಲ್ಲ. ಕೋಳಿ ಘೀ ರೋಸ್ಟ್‌ನ ತುಪ್ಪ, ಪಾವ್‌ಭಾಜಿಯ ಮೇಲಿನ ಬೆಣ್ಣೆ, ಪಾಮ್ ಎಣ್ಣೆಯಲ್ಲಿ ಕರಿದ ಫರ್ಸಾಣ್ ಇವೆಲ್ಲ ಅದೇ ಖಾತೆಗೆ ಜಮೆಯಾಗುತ್ತವೆ ಎಂಬುದು ನೆನಪಿರಬೇಕು. ಸಿಗಡಿ, ಮೊಟ್ಟೆಗಳ ಮೇಲಿನ ಹಳೆಯ ಭಯ ಮಾತ್ರ ಈಗ ಬಹಳಷ್ಟು ಕಡಿಮೆಯಾಗಿದೆ. ಬಂಗುಡೆ, ಬೂತಾಯಿಗಳು ಒಳ್ಳೆಯ ಮೀನುಗಳೇ. ತೊಂದರೆ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸುವುದರಲ್ಲಿದೆ.

ಹಾಗಾದರೆ ತಿನ್ನುವುದೇನು? ಓಟ್ಸ್ ಡಬ್ಬಿಯನ್ನು ಮಾಲ್‌ನಿಂದ ಹೊತ್ತು ತರುವ ಮೊದಲು, ಸಂಘಗಳು ವರ್ಷಕ್ಕೊಮ್ಮೆ ಆಚರಿಸುವ 'ಆಟಿಡೊಂಜಿ ದಿನ'ದ ಊಟದ ಪಟ್ಟಿಯನ್ನು ನೋಡಬಹುದು. ಪತ್ರೊಡೆ, ಹುರುಳಿ ಸಾರು, ತಜಂಕ್ ಸೊಪ್ಪಿನ ಪಲ್ಯ, ತಿಮರೆ ಚಟ್ನಿ, ಕುಚ್ಚಲಕ್ಕಿ ಗಂಜಿ. ಕಾಳು, ಸೊಪ್ಪು, ನಾರು ಇದರಲ್ಲಿ ಧಾರಾಳವಾಗಿವೆ, ಕರಿದದ್ದು ಕಡಿಮೆ. ಕಾಳು-ತರಕಾರಿಗಳಲ್ಲಿರುವ, ನೀರಿನಲ್ಲಿ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳಬೇಕಾಗುತ್ತದೆ. ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳ ಜೋಳದ ರೊಟ್ಟಿ, ಹೆಸರುಕಾಳು ಪಲ್ಯಕ್ಕೂ ಇದೇ ಮಾತು ಅನ್ವಯ. ಬೇಸರದ ಸಂಗತಿಯೆಂದರೆ ಈ ಅಡುಗೆ ವರ್ಷಕ್ಕೊಂದು ದಿನದ ಪ್ರದರ್ಶನವಾಗಿದೆ. ಉಳಿದ ಸಮಾರಂಭಗಳಿಗೆ ಕ್ಯಾಟರಿಂಗ್‌ನವರ ಪೂರಿ, ಪನೀರ್, ಗುಲಾಬ್ ಜಾಮೂನು.

ಇಷ್ಟೆಲ್ಲ ಹೇಳಿದ ಮೇಲೆ ಆಹಾರದ ಮಿತಿಯನ್ನೂ ಹೇಳಬೇಕು. ಟೊರೊಂಟೊದ ಡೇವಿಡ್ ಜೆಂಕಿನ್ಸ್ ಅವರ ತಂಡ ನಾರು, ಸೋಯಾ, ಬಾದಾಮಿ ಮುಂತಾದವುಗಳನ್ನು ಸೇರಿಸಿ ರೂಪಿಸಿದ ಆಹಾರ ಕ್ರಮ, ಊಟವನ್ನು ಸಂಶೋಧಕರೇ ಒದಗಿಸಿದ 2003ರ ಪ್ರಯೋಗದಲ್ಲಿ ಎಲ್‌ಡಿಎಲ್ ಅನ್ನು ಸುಮಾರು ಶೇ. 29ರಷ್ಟು ಇಳಿಸಿತು. ಜನರು ತಾವೇ ಮನೆಯಲ್ಲಿ ಪಾಲಿಸಿದಾಗ, 2011ರ ವರದಿಯಂತೆ, ಇಳಿಕೆ ಶೇ. 13ರ ಸುತ್ತಮುತ್ತ. 125 ಇದ್ದವರು ಇದರಿಂದ 109ಕ್ಕೆ ಬಂದಾರು. 180 ಇದ್ದವರು 157ಕ್ಕೆ ಬಂದು ನಿಲ್ಲುತ್ತಾರೆ. ದೇಹದ ಕೊಲೆಸ್ಟರಾಲಿನ ಬಹುಪಾಲು ಯಕೃತ್ತಿನಲ್ಲೇ ತಯಾರಾಗುವುದು, ಕೆಲವು ಕುಟುಂಬಗಳಲ್ಲಿ ಅದು ವಂಶಪಾರಂಪರ್ಯವಾಗಿ ಏರಿರುವುದು ಇದಕ್ಕೆ ಕಾರಣ. ತಂದೆ, ಚಿಕ್ಕಪ್ಪಂದಿರು ಐವತ್ತರೊಳಗೆ ಹೃದಯಾಘಾತದಿಂದ ತೀರಿಕೊಂಡ ಮನೆಯವರು ಪಥ್ಯವೊಂದನ್ನೇ ನಂಬಿ ಕೂರಬಾರದು. ನಡಿಗೆಯಿಂದಲೂ ತೂಕ, ಟ್ರೈಗ್ಲಿಸರೈಡ್, ರಕ್ತದೊತ್ತಡಗಳಿಗೆ ಆಗುವಷ್ಟು ಲಾಭ ಎಲ್‌ಡಿಎಲ್‌ಗೆ ಆಗುವುದಿಲ್ಲ. ಹಾಗೆಂದು ಶಿವಾಜಿ ಪಾರ್ಕ್‌ನ ಸುತ್ತು ಬಿಡಬೇಕಾಗಿಲ್ಲ. ತಂಬಾಕು ಬಿಡುವುದಂತೂ ಯಾವ ಅಂಕಿ ಎಷ್ಟೇ ಇದ್ದರೂ ಲಾಭವೇ.

ಹೆಚ್ಚು ಪ್ರಾಣಹಾನಿಗೆ ಕಾರಣವಾಗಬಲ್ಲದ್ದು ಇನ್ನೊಂದು ಅಭ್ಯಾಸ. ವೈದ್ಯರು ಸ್ಟ್ಯಾಟಿನ್ ಮಾತ್ರೆ ಬರೆದುಕೊಡುತ್ತಾರೆ, ಮೂರು ತಿಂಗಳಲ್ಲಿ ವರದಿ ಸರಿಯಾಗುತ್ತದೆ, 'ಇನ್ನು ಯಾಕೆ' ಎಂದು ಮಾತ್ರೆ ನಿಲ್ಲುತ್ತದೆ. ವಾಟ್ಸಾಪ್‌ನಲ್ಲಿ ಬಂದ ಬೆಳ್ಳುಳ್ಳಿ-ನಿಂಬೆರಸದ ಕಷಾಯ ಅದರ ಜಾಗಕ್ಕೆ ಬರುತ್ತದೆ. ಕೊಲೆಸ್ಟರಾಲ್ ಸರಿಯಾದದ್ದು ಮಾತ್ರೆಯಿಂದ, ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಅದು ಹಿಂದಿನ ಮಟ್ಟಕ್ಕೆ ಏರುತ್ತದೆ ಎಂಬುದು ಶಿಬಿರದ ವೇದಿಕೆಯಿಂದ ಸ್ಪಷ್ಟವಾಗಿ ಹೇಳಬೇಕಾದ ಮಾತು. ಮೈಕೈ ನೋವು ಕಾಣಿಸಿದರೆ ಮಾತ್ರೆ ಬದಲಿಸುವ, ಪ್ರಮಾಣ ತಗ್ಗಿಸುವ ದಾರಿಗಳು ವೈದ್ಯರ ಬಳಿ ಇವೆ. ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧಿ ಅಗ್ಗದ ದರದಲ್ಲೂ ದೊರೆಯುತ್ತದೆ.

ಸಂಘಗಳಿಗೆ ಇದರಲ್ಲಿ ದೊಡ್ಡ ಖರ್ಚಿನ ಕೆಲಸವೇನಿಲ್ಲ. ವರ್ಷಕ್ಕೊಂದು ಶಿಬಿರದ ಬದಲು, ಒಂದು ಶಿಬಿರ ಮತ್ತು ಮೂರು ತಿಂಗಳ ಬಳಿಕ ಅಂಕಿ ಏರಿದವರಿಗಷ್ಟೇ ಇನ್ನೊಂದು ತಪಾಸಣೆ. ಮಹಿಳಾ ವಿಭಾಗ, ಯುವ ವಿಭಾಗದವರು ದೂರವಾಣಿ ಮಾಡಿ ಕರೆದರೆ ಬರುವವರು ಬಂದೇ ಬರುತ್ತಾರೆ. ಸದಸ್ಯರಲ್ಲಿ ಹೊಟೇಲು ಮಾಲಕರು ಇರುವ ಕಡೆ, ತಮ್ಮ ಕಾರ್ಮಿಕರನ್ನು ಸರದಿಯಂತೆ ಕಳುಹಿಸಲು ಮತ್ತು ಸ್ಟಾಫ್ ಊಟಕ್ಕೆ ದಿನವೂ ಒಂದು ಕಾಳಿನ ಪಲ್ಯ ಸೇರಿಸಲು ಅವರನ್ನು ಒಪ್ಪಿಸಬಹುದು. ಎರಡನೇ ಬಾರಿ ಬರುವವರು ಹಿಂದಿನ ವರದಿಯ ಕಾಗದವನ್ನೂ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಜೊತೆಗೆ ತರುವಂತೆ ಆಮಂತ್ರಣ ಪತ್ರಿಕೆಯಲ್ಲೇ ಒಂದು ಸಾಲು ಅಚ್ಚು ಹಾಕಿಸಿದರೆ ವೈದ್ಯರ ಕೆಲಸ ಅರ್ಧ ಹಗುರವಾಗುತ್ತದೆ.