ಕಲ್ಲಿನ ಕೊಳೆನೀರು ಯಾರ ಹೊಲಕ್ಕೆ?



ನಮ್ಮ ತಾಂಡೂರು, ಯಾಲಾಲ್ ಸೀಮೆಗೆ ಎರಡು ಸಂಪತ್ತು: ನೆಲದ ಮೇಲೆ ತೊಗರಿ, ನೆಲದೊಳಗೆ ಫರಸಿ ಕಲ್ಲು. ತಾಂಡೂರು ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಕಲ್ಲಂತೂ ಅದಕ್ಕೂ ಬಹಳ ಮೊದಲೇ ಊರೂರಿನ ಮನೆ ಸೇರಿದೆ. ಒಂದಕ್ಕಾಗಿ ಇನ್ನೊಂದನ್ನು ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಕಲ್ಲು ಕೊಯ್ದ ನೀರನ್ನು ಹಾಗೆಯೇ ಹೊರಗೆ ಬಿಡಬೇಡಿ ಎನ್ನುತ್ತಿದ್ದೇವೆ.

ಇದನ್ನು ಹೇಳಿದಾಗಲೆಲ್ಲ ಮೂರು ಉತ್ತರ ಬರುತ್ತವೆ.

ಮೊದಲನೆಯದು: "ಅದು ಬರೀ ಕಲ್ಲಿನ ಪುಡಿ, ವಿಷವಲ್ಲ." ವಿಷವಲ್ಲದಿದ್ದರೂ ಹಾಳು ಮಾಡುತ್ತದೆ. ಕಲ್ಲು ಕೊಯ್ಯುವಾಗ, ಪಾಲಿಷ್ ಮಾಡುವಾಗ ಬ್ಲೇಡ್ ಕಾಯದಿರಲೆಂದು ನೀರು ಹರಿಸುತ್ತಾರೆ. ಅದೇ ನೀರು ನುಣ್ಣನೆಯ ಸುಣ್ಣಕಲ್ಲಿನ ಪುಡಿ ಹೊತ್ತು ಹಾಲಿನಂತಾಗಿ ಹೊರಬರುತ್ತದೆ. ಹೊಲದಲ್ಲಿ ಅದು ಪದರ ಕಟ್ಟಿದರೆ ಮಣ್ಣಿನ ರಂಧ್ರ ಮುಚ್ಚುತ್ತವೆ, ಮಳೆನೀರು ಇಂಗುವುದಿಲ್ಲ. ಒಣಗಿದರೆ ಗಾಳಿಗೆ ಏಳುತ್ತದೆ. ಆ ಧೂಳನ್ನು ಮೊದಲು ಉಸಿರಾಡುವವರು ಅಲ್ಲಿಯ ಕೂಲಿಕಾರರೇ.

ಎರಡನೆಯದು: "ನಮ್ಮದು ಸಣ್ಣ ಘಟಕ, ಅಷ್ಟು ದುಡ್ಡೆಲ್ಲಿ?" ಇಲ್ಲಿ ಬೇಕಿರುವುದು ದೊಡ್ಡ ರಾಸಾಯನಿಕ ಕಾರ್ಖಾನೆಯ ಯಂತ್ರವಲ್ಲ. ಒಂದರ ಪಕ್ಕ ಒಂದು ಮೂರು ತೊಟ್ಟಿ ಸಾಕು. ಮೊದಲ ತೊಟ್ಟಿಯಲ್ಲಿ ದಪ್ಪ ಪುಡಿ ತಳ ಸೇರುತ್ತದೆ. ನುಣ್ಣನೆಯದು ತೇಲುತ್ತಲೇ ಇರುತ್ತದೆ, ಅದಕ್ಕೆ ಪಟಿಕ ಹಾಕಬೇಕು. ಬಗ್ಗಡದ ನೀರಿಗೆ ನಮ್ಮ ಅಜ್ಜಿಯರು ಪಟಿಕ ತಿರುಗಿಸುತ್ತಿದ್ದರಲ್ಲ, ಅದೇ ವಿದ್ಯೆ. ಕಣಗಳು ಗಂಟುಕಟ್ಟಿ ಕೆಳಗಿಳಿಯುತ್ತವೆ. ಕೊನೆಯ ತೊಟ್ಟಿಯ ತಿಳಿನೀರನ್ನು ಮತ್ತೆ ಬ್ಲೇಡಿಗೇ ಪಂಪ್ ಮಾಡಬಹುದು. ಬೋರು ಬತ್ತುವ ಬೇಸಿಗೆಯಲ್ಲಿ ಇದು ಖರ್ಚೋ ಉಳಿತಾಯವೋ, ಮಾಲೀಕರೇ ಲೆಕ್ಕ ಹಾಕಲಿ. ಕೆಸರು ಹಿಂಡುವ ಫಿಲ್ಟರ್ ಪ್ರೆಸ್ ಒಬ್ಬರಿಗೆ ಭಾರವಾದರೆ ಹತ್ತು ಘಟಕದವರು ಸೇರಿ ಒಂದನ್ನು ಹಾಕಿಸಲಿ. ಹಿಂಡಿದ ಪುಡಿಯನ್ನು ಇಟ್ಟಿಗೆ, ಬ್ಲಾಕ್ ತಯಾರಿಕೆಯಲ್ಲಿ ಬಳಸಬಹುದು.

ಮೂರನೆಯದು: "ಜಾಸ್ತಿ ಕೇಳಿದರೆ ಘಟಕ ಮುಚ್ಚುತ್ತದೆ, ನಿಮ್ಮ ಹುಡುಗರ ಕೆಲಸ ಹೋಗುತ್ತದೆ." ಇದು ಉತ್ತರವಲ್ಲ, ಬೆದರಿಕೆ. ಜಲಮಾಲಿನ್ಯ ತಡೆ ಕಾಯ್ದೆ 1974ರಿಂದ ಇದೆ. ನದಿ, ಹಳ್ಳಕ್ಕೆ ಬಿಡುವ ನೀರಿನ ಒಂದು ಲೀಟರಿನಲ್ಲಿ ತೇಲುಕಣ 100 ಮಿಲಿಗ್ರಾಂ ದಾಟಬಾರದೆಂಬುದು ಸಾಮಾನ್ಯ ಮಾನದಂಡ. ಮಂಡಳಿಯ ಅನುಮತಿ ಬೇಕಿರುವ ಯಾವ ಉದ್ಯಮವೂ ಸಂಸ್ಕರಣಾ ಘಟಕ ನಡೆಯದೆ ತಾನು ನಡೆಯಕೂಡದೆಂದು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿ 22ರಂದು ಹೇಳಿದೆ. ತಪ್ಪಿದರೆ ವಿದ್ಯುತ್ ಕಡಿತಕ್ಕೂ ಆದೇಶವಿದೆ. ಅಂದಮೇಲೆ ಕೆಲಸಕ್ಕೆ ಕುತ್ತು ತರುವವರು ಯಾರು? ಪ್ರಶ್ನೆ ಕೇಳುವ ನಾವೋ, ತೊಟ್ಟಿ ಕಟ್ಟಿಸದ ಮಾಲೀಕರೋ?

ಕಾಗಿಣಾ ನದಿಗೆ ರಾಜ್ಯದ ಗಡಿ ಗೊತ್ತಿಲ್ಲ. ತಾಂಡೂರು ದಾಟಿ ಸೇಡಂ, ಮಳಖೇಡದತ್ತ ಹರಿದು ಭೀಮೆಯನ್ನು ಸೇರುತ್ತದೆ. ನಾವು ಇಲ್ಲಿ ಬಿಟ್ಟದ್ದು ಅಲ್ಲಿಯ ನಮ್ಮ ಬಂಧುಗಳ ಪಾಲಾಗುತ್ತದೆ.

ನಮ್ಮ ಪಾಲೂ ಇದೆ. ಮನೆಗೋ ದೇವಾಲಯದ ಅಂಗಳಕ್ಕೋ ಫರಸಿ ತರುವಾಗ ಚದರಡಿಗೆ ಎಷ್ಟು ಎಂದು ಚೌಕಾಸಿ ಮಾಡುತ್ತೇವೆ. ಇನ್ನು ಮೇಲೆ ಜೊತೆಗೆ ಎರಡು ಪ್ರಶ್ನೆ ಕೇಳೋಣ: ನಿಮ್ಮ ನೀರು ಎಲ್ಲಿಗೆ ಹೋಗುತ್ತದೆ? ಕೆಸರನ್ನು ಎಲ್ಲಿ ಸುರಿಯುತ್ತೀರಿ? ತೊಟ್ಟಿ ತೋರಿಸಿದವರಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಅವರಲ್ಲೇ ಕೊಳ್ಳೋಣ. ಉತ್ತರ ಹೇಳದವರ ಅಗ್ಗದ ಕಲ್ಲು ನಮಗೆ ಬೇಡ. ಅದರ ಉಳಿದ ಬೆಲೆಯನ್ನು ಯಾರೋ ರೈತ ತನ್ನ ಹೊಲದಿಂದ ಕಟ್ಟುತ್ತಿರುತ್ತಾನೆ.